ನೈಲ್ ಹೊರಡುವ ಊರಲ್ಲಿ ಮೂರು ತಿಂಗಳು

ಬೆಳಗ್ಗೆ ಐದೂವರೆಗೇ ಡೋಲಿನ ಸದ್ದು. ಮೊದಲ ದಿನ ಪಕ್ಕದಲ್ಲೇನೋ ಜಾತ್ರೆ ಇರಬೇಕು ಅಂದುಕೊಂಡು ಸೊಳ್ಳೆಪರದೆಯೊಳಗೆ ಎದ್ದು ಕೂತೆ. ಜಾತ್ರೆಯಲ್ಲ, ಮಕ್ಕಳು ಪ್ರಾರ್ಥನೆಗೆ ಸೇರುತ್ತಿದ್ದರು. ಕೀರ್ತನೆ ಹಾಡೋಕೆ ಅಲ್ಲಿ ಪಿಯಾನೋ ಬೇಕಿಲ್ಲ. ಎಂಗೋಮಾ, ಅಂದರೆ ಚರ್ಮದ ಡೋಲು ಒಂದಿದ್ದರೆ ಸಾಕು.

ಊರು ಉಗಾಂಡಾದ ಜಿಂಜಾ. ರಾಜಧಾನಿ ಕಂಪಾಲಾದಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡೋದು ಇಲ್ಲಿಂದಲೇ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು ಈ ನೀರಿಗೆ ಬಿಟ್ಟಿದ್ದರು, ದಡದಲ್ಲಿ ಅವರ ಪ್ರತಿಮೆಯಿದೆ. ಪೇಟೆಯ ಹಳೇ ಕಟ್ಟಡಗಳ ಹಣೆಯ ಮೇಲೆ ಇನ್ನೂ ಭಾರತೀಯ ಹೆಸರುಗಳಿವೆ. 1972ರಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ದೇಶ ಬಿಡಿಸಿದನಲ್ಲ, ಅಂಥವರ ಕುಟುಂಬಗಳ ನೆನಪು ಅದು. ನಾನು ಆಫೀಸಿಗೆ ಮೂರು ತಿಂಗಳು ರಜೆ ಹಾಕಿ, ನಮ್ಮ ಚರ್ಚಿನವರ ಪರಿಚಯದ ಮೇಲೆ, ಊರಾಚೆಯ ಒಂದು ಮಿಷನ್ನಿನ ಮಕ್ಕಳ ಮನೆಗೆ ಸೇವೆಗೆ ಬಂದಿದ್ದೆ.

ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರಿಗೂ ಕೆಲಸ. ದೊಡ್ಡ ಮಕ್ಕಳು ಹಳದಿ ಜೆರಿಕ್ಯಾನ್ ಹಿಡಿದು ಬೋರ್‌ವೆಲ್ಲಿಗೆ, ಚಿಕ್ಕವರು ಪೊರಕೆ ಹಿಡಿದು ಅಂಗಳಕ್ಕೆ. ಕೆಂಪು ಮಣ್ಣಿನ ಅಂಗಳ, ಗುಡಿಸಿದ ಗೆರೆ ಎದ್ದು ಕಾಣುತ್ತೆ. ಆಮೇಲೆ ಜೋಳದ ಹಿಟ್ಟಿನ ಗಂಜಿ ಕುಡಿದು ಸ್ಕೂಲಿಗೆ. ಮಧ್ಯಾಹ್ನ ಪೋಶೊ ಮತ್ತು ರಾಜ್ಮಾದಂಥ ಕಾಳಿನ ಸಾರು. ಪೋಶೊ ಅಂದರೆ ಬಿಳಿ ಮೆಕ್ಕೆಜೋಳದ ಗಟ್ಟಿ ಮುದ್ದೆ. ಒಂದು ಭಾನುವಾರ ಅಡುಗೆಯ ಆಂಟಿ 'ಕಾಲೊ' ಮಾಡಿದರು. ನೋಡಿದರೆ ನಮ್ಮ ರಾಗಿ ಮುದ್ದೆಯೇ, ಜತೆಗೆ ಸ್ವಲ್ಪ ಮರಗೆಣಸಿನ ಹಿಟ್ಟು! ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ, ನಮ್ಮಲ್ಲಿಗೆ ಬಂದಿದ್ದು ಆಮೇಲೆ. ನಾನು ಅಗಿಯದೆ ನುಂಗಿದ್ದು ನೋಡಿ ಮಕ್ಕಳು ನಕ್ಕಿದ್ದೇ ನಕ್ಕಿದ್ದು.

ಆ ಮಕ್ಕಳಲ್ಲಿ ಏಳು ವರ್ಷದ ಒಬ್ಬ ಹುಡುಗ ಬಂದ ದಿನವೇ ನನ್ನ ಮಡಿಲೇರಿ ಕೂತಿದ್ದ. ಕೈ ಬಿಡಲೇ ಇಲ್ಲ. ನನಗೋ ಹೆಮ್ಮೆ. ಫೋಟೊ ತೆಗೆದು ಸ್ಟೇಟಸ್ ಹಾಕಿದೆ, ಊರಿಂದ ಹಾರ್ಟುಗಳ ಮಳೆ. ಅವನು ಕೇಳಿದ ಮೊದಲ ಪ್ರಶ್ನೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ: "ಆಂಟಿ, ನೀವು ಯಾವಾಗ ಹೋಗ್ತೀರಾ?"

ಮೂರನೇ ವಾರ ಯೂರೋಪಿನಿಂದ ಇಬ್ಬರು ಹುಡುಗಿಯರು ಬಂದರು, ಹದಿನೈದು ದಿನಕ್ಕೆ. ಅವನು ಓಡಿಹೋಗಿ ಅವರ ಮಡಿಲೇರಿದ. ಅದೇ ನಗು, ಅದೇ ಪ್ರಶ್ನೆ. ನನಗೆ ಚುಳ್ ಅಂತು.

ರಾತ್ರಿ ಕಾಳು ಆರಿಸುವಾಗ ಹಿರಿಯ ಆಂಟಿಗೆ ಹೇಳಿಕೊಂಡೆ. ಹನ್ನೆರಡು ವರ್ಷದಿಂದ ಅಲ್ಲಿರುವವರು. ಅವರು ತಲೆ ಎತ್ತದೆ ಅಂದರು: "ಅವನು ಎಲ್ಲರಿಗೂ ಹಾಗೇ ಮಾಡ್ತಾನಮ್ಮ. ಬಂದವರೆಲ್ಲ ಹೋಗ್ತಾರೆ ಅಂತ ಅವನಿಗೆ ಗೊತ್ತು. ಇರೋವಷ್ಟು ದಿನ ಹಿಡ್ಕೋತಾನೆ." ಸ್ವಲ್ಪ ಹೊತ್ತಾದ ಮೇಲೆ, "ನಿನಗೆ ಲೆಕ್ಕ ಬರುತ್ತಲ್ಲ? ನಾಳೆಯಿಂದ ಆಫೀಸಲ್ಲಿ ಕೂರು" ಅಂದರು.

ಮಕ್ಕಳ ಜತೆ ಇರೋಕೆ ಬಂದವಳಿಗೆ ಫೈಲ್ ಕೊಟ್ಟರಲ್ಲ ಅಂತ ಬೇಜಾರಾಯಿತು. ಆದರೆ ಆ ಫೈಲುಗಳೇ ಕಣ್ಣು ತೆರೆಸಿದವು. ಅನಾಥರು ಅಂದುಕೊಂಡಿದ್ದೆನಲ್ಲ, ಹೆಚ್ಚಿನ ಮಕ್ಕಳಿಗೆ ಅಮ್ಮನೋ ಅಜ್ಜಿಯೋ ಚಿಕ್ಕಪ್ಪನೋ ಇದ್ದರು. ಮಕ್ಕಳನ್ನು ಇಲ್ಲಿಗೆ ತಂದಿದ್ದು ಸ್ಕೂಲ್ ಫೀಸು, ಕಾಯಿಲೆ, ಸೋರುವ ಮನೆ. ಇದು ಆ ಒಂದು ಮನೆಯ ಕಥೆಯಲ್ಲ. ಜಗತ್ತಿನ ಬಹಳಷ್ಟು ಅನಾಥಾಲಯಗಳಲ್ಲೂ ಹೀಗೇ. ಇಂಥ ಸಂಸ್ಥೆಗಳ ಬದಲು ಮಕ್ಕಳು ಕುಟುಂಬದಲ್ಲೇ ಬೆಳೆಯುವಂತಾಗಬೇಕು ಅಂತ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2019ರಲ್ಲಿ ನಿರ್ಣಯ ಮಾಡಿದೆ. ನಮ್ಮಂಥವರು ರಜೆಯಲ್ಲಿ ಹೋಗಿ ಸೇವೆ ಮಾಡೋದರಿಂದ ಮಕ್ಕಳಿಗೆ ಆಗುವ ತೊಂದರೆಯನ್ನೂ ಅದು ಎತ್ತಿತ್ತು.

ನಾನಿದ್ದ ಮಿಷನ್ ಕೂಡ ಆ ದಾರಿ ಹಿಡಿದಿತ್ತು. ಕಾರ್ಯಕರ್ತರೊಬ್ಬರು ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ನೆಂಟರನ್ನು ಹುಡುಕುತ್ತಿದ್ದರು. ಯಾರ ಮನೆಗೆ ತಗಡು ಬೇಕು, ಯಾರಿಗೆ ಫೀಸು ಕಟ್ಟಬೇಕು, ಯಾರಿಗೆ ಎರಡು ಆಡು ಕೊಡಿಸಿದರೆ ನಡೆಯುತ್ತೆ, ಅದರ ಪಟ್ಟಿ ಮಾಡೋದು ನನ್ನ ಕೆಲಸ. ಫೋಟೊಗೆ ಸಿಗದ ಕೆಲಸ. ಸಂಜೆ ಅಂಗಳ ದಾಟುವಾಗ ಆಂಟಿಯರು "ಜೆಬಾಲೆ ಕೊ" ಅನ್ನೋರು. ಲುಗಾಂಡಾ ಭಾಷೆಯಲ್ಲಿ ಅದು ನಮಸ್ಕಾರವೂ ಹೌದು, 'ಕೆಲಸ ಮಾಡಿದಿರಲ್ಲ, ಒಳ್ಳೇದು' ಅನ್ನೋ ಮಾತೂ ಹೌದು.

ನಾನು ಹೊರಡೋಕೆ ಒಂಬತ್ತು ದಿನ ಮುಂಚೆ ಆ ಹುಡುಗನ ಅಜ್ಜಿ ಬಂದರು. ಅಲ್ಲಿ ಅಜ್ಜ, ಅಜ್ಜಿ ಇಬ್ಬರಿಗೂ 'ಜಾಜಾ' ಅಂತಲೇ ಕರೆಯೋದು. ಕೇಳಿದಾಗಲೆಲ್ಲ ನನಗೆ ನಮ್ಮ 'ಅಜ್ಜ' ನೆನಪಾಗೋದು. ಹಬ್ಬಕ್ಕೆ ಉಡುವ ಬಣ್ಣದ ಗೋಮೆಸಿ ಉಟ್ಟು ಬಂದಿದ್ದರು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಓಡಾಟ, ಭೇಟಿ, ಕಾಗದಪತ್ರ ಎಲ್ಲ ಆಗಿತ್ತು. ಪ್ರಾರ್ಥನೆ ಮಾಡಿ, ಡೋಲು ಬಾರಿಸಿ ಕಳಿಸಿಕೊಟ್ಟೆವು. ಹುಡುಗ ಅಜ್ಜಿಯ ಒಂದು ಬೆರಳು ಹಿಡಿದು ನಡೆದ. ಮಡಿಲೇರಲಿಲ್ಲ, ಅಂಟಿಕೊಳ್ಳಲಿಲ್ಲ. ಯಾವಾಗ ಹೋಗ್ತೀರಾ ಅಂತ ಅವರನ್ನು ಕೇಳಲೂ ಇಲ್ಲ.

ಹಳೇ ಸ್ಟೇಟಸ್ ಫೋಟೊ ಅಳಿಸಿದೆ. ನೀವೂ ಎಲ್ಲಾದರೂ ಮಕ್ಕಳ ಮನೆಗೆ ಸೇವೆಗೆ ಹೊರಟಿದ್ದರೆ ಮೊದಲು ಒಂದು ಮಾತು ಕೇಳಿ: "ಈ ಮಕ್ಕಳಲ್ಲಿ ಎಷ್ಟು ಜನ ಮನೆಗೆ ವಾಪಸ್ ಹೋದರು?" ಉತ್ತರ ಇದ್ದರೆ ಹೋಗಿ. ಹೋದ ಮೇಲೆ ಕಾಳು ಆರಿಸಿ, ಲೆಕ್ಕ ಬರೆಯಿರಿ. ಮಡಿಲು ಅಜ್ಜಿಯಂದಿರಿಗೇ ಇರಲಿ.