ಕಾಯುವವರ ಲೆಕ್ಕ

ಪಿಎಚ್‌ಡಿಗೆ ಯಾವ ವಿಷಯ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ "ಸ್ಪರ್ಧಾ ಕಾನೂನು" ಎನ್ನುತ್ತೇನೆ. ಹೆಚ್ಚಿನವರು ಅದನ್ನು ಕೆಎಎಸ್ ಪರೀಕ್ಷೆಯ ತಯಾರಿ ಎಂದುಕೊಳ್ಳುತ್ತಾರೆ. ಸೊರಬ ತಾಲ್ಲೂಕಿನ ನಮ್ಮ ಜಡೆಯ ಕಡೆ ಅಡಿಕೆ ಬೆಳೆಯುವವರು ಬಹಳ. ಹಾಗಾಗಿ ಮಂಡಿಯ ಮಾತಿನಲ್ಲೇ ವಿವರಿಸುತ್ತೇನೆ: ಕೊಳ್ಳುವವರು ನಾಲ್ಕು ಜನರಿದ್ದು ಒಬ್ಬರ ಮೇಲೊಬ್ಬರು ದರ ಕೂಗಿದರೆ ಬೆಳೆದವನಿಗೆ ಬೆಲೆ, ನಾಲ್ವರೂ ಒಳಗೊಳಗೇ ಮಾತಾಡಿಕೊಂಡರೆ ಬೆಲೆ ಇಲ್ಲ. ಆ ಒಳಮಾತನ್ನು ತಡೆಯಲು 2002ರ ಕಾಯ್ದೆಯಿದೆ, ದೆಹಲಿಯಲ್ಲಿ ಸ್ಪರ್ಧಾ ಆಯೋಗವಿದೆ.

ಚಿಕ್ಕಪ್ಪ ಇದನ್ನೆಲ್ಲ ಕೇಳಿ, "ಅಷ್ಟೆಲ್ಲ ಓದ್ತೀಯಲ್ಲ, ನಿನ್ನ ಕಾನೂನಿಗೆ ಮನೆಯೊಳಗೆ ಒಂದು ಸಿಗ್ನಲ್ ತರಕ್ಕಾಗಲ್ವನೋ?" ಎಂದರು. ತಮಾಷೆಗೆ ಹೇಳಿದ್ದು. ಆದರೆ ನನ್ನ ಸಂಶೋಧನೆ ಸುತ್ತುತ್ತಿರುವುದು ಅಲ್ಲಿಯೇ.

ಈ ಕಾಯ್ದೆಗೆ ಎರಡು ಬಾಗಿಲುಗಳಿವೆ. ಒಂದು, ಎರಡನೇ ಸೆಕ್ಷನ್ನಿನಲ್ಲಿ: ಅಣುಶಕ್ತಿ, ನಾಣ್ಯ, ರಕ್ಷಣೆ, ಬಾಹ್ಯಾಕಾಶಕ್ಕೆ ಸಂಬಂಧಿಸಿದ ಕೇಂದ್ರ ಇಲಾಖೆಗಳ ಕೆಲಸ ಈ ಕಾನೂನಿನ ಹೊರಗೆ. ಇನ್ನೊಂದು, 54ನೇ ಸೆಕ್ಷನ್: ದೇಶದ ಭದ್ರತೆ ಅಥವಾ ಸಾರ್ವಜನಿಕ ಹಿತಕ್ಕಾಗಿ ಕೇಂದ್ರ ಸರಕಾರ ಯಾವುದೇ ವರ್ಗದ ಉದ್ಯಮಕ್ಕೆ ವಿನಾಯಿತಿ ಕೊಡಬಹುದು. ಆದರೆ ಅದಕ್ಕೆ ಅಧಿಸೂಚನೆ ಹೊರಡಿಸಬೇಕು, ಎಷ್ಟು ಕಾಲಕ್ಕೆ ಎಂದು ಅದರಲ್ಲಿ ಬರೆಯಬೇಕು. ಆ ಕಾಲಮಿತಿಯ ಮಾತು ನನಗೆ ಮುಖ್ಯ.

ದೂರಸಂಪರ್ಕದ ಕತೆಯನ್ನೇ ನೋಡಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಪುಕ್ಕಟೆ ಡೇಟಾ ಹಂಚಿತು. ಏರ್‌ಟೆಲ್ ದೂರು ಕೊಟ್ಟಿತು. ಹೊಸದಾಗಿ ಬಂದವರನ್ನು ಮಾರುಕಟ್ಟೆಯ ಯಜಮಾನರೆನ್ನಲಾಗದು ಎಂದು ಆಯೋಗ 2017ರ ಜೂನ್‌ನಲ್ಲಿ ದೂರನ್ನು ತಳ್ಳಿಹಾಕಿತು. ಸಣ್ಣ ಕಂಪನಿಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಇನ್ನೊಂದರಲ್ಲಿ ಸೇರಿಹೋದವು. ಲಾಭ ಕಾಣದ ಹಳ್ಳಿಗಳಿಗೆ ಸರಕಾರಿ ಬಿಎಸ್‌ಎನ್‌ಎಲ್ ಉಳಿದಿತ್ತು. ಅದು 4ಜಿ ಟೆಂಡರ್ ಕರೆದಿದ್ದಾಗಲೇ, 2020ರ ಜೂನ್‌ನಲ್ಲಿ, ಗಲ್ವಾನ್‌ನಲ್ಲಿ ನಮ್ಮ 20 ಯೋಧರು ತೀರಿಹೋದರು. ಜುಲೈನಲ್ಲಿ ಟೆಂಡರ್ ರದ್ದಾಯಿತು. 2021ರ ಜೂನ್ 15ರಿಂದ 'ವಿಶ್ವಾಸಾರ್ಹ ಮೂಲ'ದ ಉಪಕರಣವನ್ನಷ್ಟೇ ಕೊಳ್ಳಬೇಕೆಂಬ ನಿಯಮ ಜಾರಿಗೆ ಬಂತು.

ಈ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ದೇಶದ ಮಾತೆಲ್ಲ ಹಾದುಹೋಗುವ ಪೆಟ್ಟಿಗೆಯ ಕೀಲಿಕೈ ಯಾರ ಬಳಿಯಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಬಾಗಿಲು ಮುಚ್ಚಿದ್ದರಿಂದ ಒಳಗಿನವರಿಗೆ ಕೆಲಸವೂ ಸಿಕ್ಕಿತು. ಸಿ-ಡಾಟ್ ಕೋರ್ ಮಾಡಿತು, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ರೇಡಿಯೊ ಮಾಡಿತು, ಟಿಸಿಎಸ್ ಎರಡನ್ನೂ ಜೋಡಿಸಿತು. ಇದೇ ಸಿ-ಡಾಟ್ 1986ರಲ್ಲಿ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು ನಮ್ಮ ಕಿತ್ತೂರಿನಲ್ಲಿ ಇಟ್ಟು ನೋಡಿತ್ತು. ಧೂಳು, ಸೆಕೆ, ಕರೆಂಟಿನ ಕಣ್ಣಾಮುಚ್ಚಾಲೆ ತಡೆದು ಏಸಿ ಇಲ್ಲದೆ ನಡೆಯುವ ಯಂತ್ರ ಅದು. ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಆದರೆ ಈ ಸಲ ದೇಶೀ 4ಜಿಯ ಅಧಿಕೃತ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್ 27ಕ್ಕೆ. ಟೆಂಡರ್ ರದ್ದಾಗಿ ಐದು ವರ್ಷ ಕಳೆದಿತ್ತು. ಖಾಸಗಿಯವರು 2022ರ ಅಕ್ಟೋಬರಿನಲ್ಲೇ 5ಜಿ ಶುರುಮಾಡಿದ್ದರು. ಬೆಂಗಳೂರಿನಲ್ಲಿದ್ದವರಿಗೆ ಈ ತಡ ತಾಗಲಿಲ್ಲ. ಕೊರೊನಾ ಕಾಲದಲ್ಲಿ ಚಿಕ್ಕಪ್ಪನ ಮಗಳು ಆನ್‌ಲೈನ್ ತರಗತಿಗೆಂದು ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದಳು. ಮಳೆ ಜೋರಾದ ದಿನ ಹಾಜರಿ ಇಲ್ಲ.

ಟೆಂಡರ್ ರದ್ದಾದದ್ದು 54ನೇ ಸೆಕ್ಷನ್ನಿನಡಿ ಅಲ್ಲ. ಅದು ಖರೀದಿಯ ವಿಷಯ. ಹಾಗಾಗಿ ಎಷ್ಟು ಕಾಲ, ಅಲ್ಲಿಯವರೆಗೆ ಹಳ್ಳಿಗೆ ಬದಲಿ ಏನು ಎಂದು ಯಾರೂ ಬರೆಯಬೇಕಾಗಿರಲಿಲ್ಲ. ಸ್ಪರ್ಧಾ ಕಾನೂನು ಬೆಲೆಯನ್ನು ಅಳೆಯುತ್ತದೆ, ಭದ್ರತೆಯವರು ಅಪಾಯವನ್ನು ಅಳೆಯುತ್ತಾರೆ, ಕಾಯುವುದನ್ನು ಅಳೆಯುವವರಿಲ್ಲ. ಭದ್ರತೆಯ ಹೆಸರಿನಲ್ಲಿ ಮಾರುಕಟ್ಟೆಯ ಬಾಗಿಲು ಮುಚ್ಚುವಾಗಲೆಲ್ಲ 54ನೇ ಸೆಕ್ಷನ್ನಿನಂತೆ ಅವಧಿಯನ್ನು ಬರೆದಿಡಬೇಕು, ಆ ಅವಧಿಯ ಹೊರೆ ಯಾರದೆಂದೂ ಹೇಳಬೇಕು. ನನ್ನ ಪ್ರಬಂಧ ಕೇಳುವುದು ಇಷ್ಟನ್ನೇ. ದೇಶಕ್ಕಾಗಿ ಕಾಯಲು ಊರಿನವರು ಒಲ್ಲೆ ಎನ್ನುವುದಿಲ್ಲ. ಆದರೆ ಕಾಯುತ್ತಿದ್ದೇವೆಂದು ಅವರಿಗೂ ಯಾರಾದರೂ ಹೇಳಬೇಕಲ್ಲವೆ?