ಅದಂತ

ತಾಪಿ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ಸಾರಂಗಖೇಡದಲ್ಲಿ ದತ್ತಜಯಂತಿಯ ಜಾತ್ರೆ. ಕಣ್ಣು ಹಾಯಿಸಿದಷ್ಟೂ ಕುದುರೆ. ಲದ್ದಿ, ಒದ್ದೆ ಹುಲ್ಲು, ಬೀಡಿ, ಕುದಿಯುವ ಚಹಾ ಎಲ್ಲದರ ವಾಸನೆ ಒಂದಾಗಿದೆ. ಎಲ್ಲೋ ಒಂದು ಕೆನೆದರೆ ಸಾಲಿಗೆ ಸಾಲೇ ಓಗೊಡುತ್ತದೆ.

ಗೂಟದ ಬಳಿ ಅಜ್ಜರೊಬ್ಬರು ಒದ್ದೆ ಬಟ್ಟೆ ಹಿಂಡಿ ಹೆಣ್ಣುಮರಿಯ ಮೂತಿ ಒರೆಸುತ್ತಿದ್ದಾರೆ. ಕಂದು ಮೈ, ನಾಲ್ಕೂ ಕಾಲು ಬಿಳಿ, ಮುಖದ ಮೇಲೊಂದು ಬಿಳಿ ಪಟ್ಟೆ: ಪಂಚಕಲ್ಯಾಣಿ. ಬ್ರಷ್ ಪಕ್ಕಕ್ಕಿಟ್ಟು ಈಗ ಅಂಗೈಯಿಂದಲೇ ಬೆನ್ನು ಸವರುತ್ತಾರೆ. ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪನ ಬಂಡಿಯಲ್ಲಿ ಇಲ್ಲಿಗೆ ಬಂದವರು, ಆಮೇಲೆ ಜಾತ್ರೆ ನಡೆದ ಒಂದು ವರ್ಷವನ್ನೂ ತಪ್ಪಿಸಿಲ್ಲವಂತೆ.

ಕೊಳ್ಳಲು ಬಂದವನೊಬ್ಬ ಮರಿಯ ಕತ್ತಿನ ಮೇಲೆ ಬೆರಳಾಡಿಸಿ ಸುಳಿ ಹುಡುಕುತ್ತಾನೆ. ಅಲ್ಲಿ ಸುಳಿಯಿದ್ದರೆ ಶುಭ. ಅದಕ್ಕೆ ‘ದೇವ್‌ಮನ್’ ಎಂದೇ ಹೆಸರು. ನಮ್ಮ ವಿಜಯಪುರದ ದನದ ಜಾತ್ರೆಯಲ್ಲೂ ಹೋರಿಗೆ ಹೀಗೇ ಸುಳಿ ನೋಡುತ್ತಾರೆ. ಅವನು ಅತ್ತ ಹೋದದ್ದೇ ಅಜ್ಜ ನನ್ನತ್ತ ತಿರುಗಿ, “ಸುಳಿ ಕೊಳ್ಳುವವನಿಗೆ, ಕಾಲು ಜಡ್ಜಿಗೆ” ಎನ್ನುತ್ತಾರೆ.

ಮೈಕು ಗೊರಗೊರಗುಟ್ಟಿ ಕೂಗುತ್ತದೆ: “ಅದಂತ್ ಬಚ್ಛೇರಿ!” ಸ್ಪರ್ಧೆಯಲ್ಲಿ ಈಗ ಹಾಲುಹಲ್ಲು ಇನ್ನೂ ಬೀಳದ ಹೆಣ್ಣುಮರಿಗಳ ಸರದಿ. ಕುದುರೆಗೆ ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲು ಉದುರುತ್ತದೆ; ಅಲ್ಲಿಂದ ಮುಂದೆ ಅದು ‘ದೋ ದಂತ್’.

ಅಜ್ಜನ ಮೊಣಕಾಲು ಈಗ ಓಡಗೊಡುವುದಿಲ್ಲ. ಲಗಾಮು ಮೊಮ್ಮಗನ ಕೈಯಲ್ಲಿ. ನಾವಿಬ್ಬರೂ ಹಗ್ಗದ ಈಚೆ ನಿಲ್ಲುತ್ತೇವೆ.

ಜಡ್ಜ್ ಎದುರಿಗೆ ಬರುತ್ತಾರೆ. ಹುಡುಗ ಕಡಲೆಯ ಡಬ್ಬಿ ಅಲುಗಾಡಿಸುತ್ತಾನೆ. ಮರಿಯ ಕಿವಿ ನಿಮಿರಿ, ಒಳಕ್ಕೆ ಬಾಗಿ, ಎರಡು ತುದಿಯೂ ಕೂಡಿ ನೆತ್ತಿಯ ಮೇಲೆ ಪುಟ್ಟ ಕಮಾನು ಕಟ್ಟುತ್ತದೆ. ಮಾರವಾಡಿ ತಳಿಯ ಗುರುತೇ ಅದು. ರಾಜಸ್ಥಾನದ ಠಾಕೂರರ ಲಾಯಗಳಲ್ಲಿ ಯುದ್ಧಕ್ಕೆಂದು ಬೆಳೆದ ಕುದುರೆ ಇದು. ಸ್ವಾತಂತ್ರ್ಯದ ನಂತರ ಜಹಗೀರುಗಳು ಹೋದವು, ಎಷ್ಟೋ ಲಾಯಗಳು ಬರಿದಾದವು. ದೇಶಿ ಕುದುರೆಗಳಿಗೆಂದೇ ಇಂಡಿಜಿನಸ್ ಹಾರ್ಸ್ ಸೊಸೈಟಿ ಹುಟ್ಟಿದ್ದು 1999ರಲ್ಲಿ. ಅಲ್ಲಿಯವರೆಗೆ ಈ ಕಿವಿಗಳನ್ನು ಕಾಯ್ದವರಲ್ಲಿ ಅಜ್ಜನಂಥ ಹುಚ್ಚರೂ ಇದ್ದರು.

ಜಡ್ಜ್ ಪಕ್ಕಕ್ಕೆ ಸರಿದು, ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಹಿಂಗಾಲಿನ ಗಂಟುಗಳು ಒಂದಕ್ಕೊಂದು ವಾಲಿವೆಯೇ? ಗೊರಸು ನೆಟ್ಟಗಿದೆಯೇ? ಅಳತೆಗೋಲು ಹೆಗಲಿಗೆ ಬರುತ್ತದೆ: 58 ಅಂಗುಲ. ನಾನು ಕಣದ ಬದಲು ಅಜ್ಜನ ಕೈ ನೋಡುತ್ತೇನೆ. ಬರಿಗೈ, ಆದರೆ ಮುಷ್ಟಿ ಬಿಗಿದಿದೆ. ಹುಡುಗ ಲಗಾಮು ಸಡಿಲಿಸಿದಾಗ ಮುಷ್ಟಿ ಸಡಿಲ, ಎಳೆದಾಗ ಬಿಗಿ.

“ಓಡಿಸು.”

ಹುಡುಗ ಓಡುತ್ತಾನೆ, ಜೊತೆಗೆ ಮರಿ. ಧೂಳಿನಲ್ಲಿ ನಾಲ್ಕು ಬಿಳಿ ಕಾಲು. ಅಷ್ಟರಲ್ಲಿ ಎಲ್ಲೋ ಬಲೂನೊಂದು ಢಬ್ಬೆಂದು ಒಡೆಯುತ್ತದೆ. ಮರಿ ಬೆಚ್ಚಿ ಮುಂಗಾಲೆತ್ತಿ ನಿಂತೇ ಬಿಡುತ್ತದೆ. ಹುಡುಗ ಜೋತುಬೀಳುತ್ತಾನೆ. ಅಜ್ಜನ ಉಗುರು ಅಂಗೈಗೆ ಇಳಿಯುತ್ತದೆ, ಬಾಯಿಂದ ಮಾತ್ರ ಚಕಾರವಿಲ್ಲ.

ಬಹುಮಾನ ಮೂರು. ನಮ್ಮದು ನಾಲ್ಕನೆಯದು.

ಹುಡುಗ ತಲೆ ತಗ್ಗಿಸಿ ಬರುತ್ತಾನೆ. “ಆಜೋಬಾ, ನನ್ನ ತಪ್ಪು.”

“ತಪ್ಪು ಬಲೂನಿನದು ಬಾಳಾ. ಆದರೆ ನಾಳೆಯಿಂದ ದಿನಕ್ಕೊಂದು ಬಲೂನು ಇವಳ ಮುಂದೆ ನೀನೇ ಒಡೆಯಬೇಕು.”

ಅಜ್ಜ ಮರಿಯ ಮೇಲ್ದುಟಿ ಎತ್ತಿ ನಡುಹಲ್ಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಅಲುಗಾಡುತ್ತಿದೆ.

“ಮುಂದಿನ ಸಲ ಇವಳು ದೋ ದಂತ್.”

“ಹಾಗಾದರೆ ಅದಂತಕ್ಕೆ ಯಾರು?”

ಅಜ್ಜ ಬಾಯಿ ಅಗಲಿಸಿ ನಗುತ್ತಾರೆ. ಒಳಗೆ ಒಂದೇ ಒಂದು ಹಲ್ಲಿಲ್ಲ.

“ನಾನಿದ್ದೇನಲ್ಲ!”