ಕಿಟಕಿಯೂ ಎಳೆಯುತ್ತದೆ

ಕಾಫಿ ಕೊಯ್ಲಿನ ದಿನಗಳಲ್ಲಿ ಹೊಂಗಡಹಳ್ಳದ ಸುತ್ತಿನ ತೋಟಗಳಲ್ಲಿ ಸಂಜೆಯಾಯಿತೆಂದರೆ ತಕ್ಕಡಿ ತೂಗುಬೀಳುತ್ತದೆ. ದುಂಡು ಮುಖದ ಸ್ಪ್ರಿಂಗ್ ತಕ್ಕಡಿ. ಹಣ್ಣಿನ ಚೀಲ ಕೊಕ್ಕೆಗೆ ಬೀಳುತ್ತಲೇ ಸುತ್ತ ನಿಂತವರ ಕಣ್ಣೆಲ್ಲ ಮುಳ್ಳಿನ ಮೇಲೆ. ಅದು ಎಲ್ಲಿ ನಿಲ್ಲುತ್ತದೋ ಅವತ್ತಿನ ಕೂಲಿ ಅಷ್ಟು. ನನ್ನ ಏಳನೇ ತರಗತಿಯ ಮಕ್ಕಳಲ್ಲಿ ಹಲವರು ಅಮ್ಮನ ಸೆರಗು ಹಿಡಿದು ಆ ಮುಳ್ಳನ್ನು ನೋಡುತ್ತಲೇ ಬೆಳೆದವರು. ಹಾಗಾಗಿ ಬಲದ ಪಾಠಕ್ಕೆ ಪುಸ್ತಕ ತೆರೆಯುವ ಮೊದಲು ಅಂಥ ಎರಡು ತಕ್ಕಡಿ ಎರವಲು ತರುತ್ತೇನೆ. ಮಳೆಗಾಲದಲ್ಲಿ ತೋಟದವರಿಗೆ ಅವುಗಳ ಕೆಲಸವೂ ಇರುವುದಿಲ್ಲ.

ಎರಡರ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ಒಂದು ತುದಿ ತರಗತಿಯ ಗಟ್ಟಿಗ ಹುಡುಗನಿಗೆ, ಇನ್ನೊಂದು ಮುಂದಿನ ಬೆಂಚಿನ ಸಣ್ಣ ಹುಡುಗಿಗೆ. ಯಾರದು ಹೆಚ್ಚು ತೋರಿಸುತ್ತದೆ? ಇಡೀ ತರಗತಿ ಹುಡುಗನ ಕಡೆ. ಎಳೆಯುತ್ತಾರೆ. ಇಲ್ಲೂ 8 ಕೆ.ಜಿ., ಅಲ್ಲೂ 8. ಹುಡುಗ ಹಲ್ಲು ಕಚ್ಚಿ ಜಗ್ಗುತ್ತಾನೆ, ಹುಡುಗಿ ಬೆಂಚಿಗೆ ಕಾಲು ಕೊಟ್ಟು ತಡೆಯುತ್ತಾಳೆ. ಅವನದು 11, ಅವಳದೂ 11.

"ತಕ್ಕಡಿ ಕೆಟ್ಟದೆ ಸಾ!"

ನಾನು ಬಾಯಿ ಬಿಡುವುದಿಲ್ಲ. ಈ ಕಾಲುಗಂಟೆಯ ಸುಖಕ್ಕೆ ನಾನು ವರ್ಷವಿಡೀ ಕಾಯುತ್ತೇನೆ. ಮಕ್ಕಳೇ ತಕ್ಕಡಿ ಅದಲುಬದಲು ಮಾಡುತ್ತಾರೆ. ಒಂದೇ ಬಕೆಟ್ ನೀರನ್ನು ಎರಡರಲ್ಲೂ ತೂಗಿ ತಾಳೆ ನೋಡುತ್ತಾರೆ. ತೂಕದಲ್ಲಿ ಮೋಸವಾದರೆ ಕೂಲಿ ಹೋಗುತ್ತದೆಂದು ಗೊತ್ತಿರುವ ಮಕ್ಕಳು, ಸುಲಭಕ್ಕೆ ನಂಬುವವರಲ್ಲ. ಎರಡೂ ಸರಿ ಇವೆ ಎಂದಾದ ಮೇಲೆ ಹುಡುಗಿಯನ್ನು ಕೂರಿಸಿ, ಅವಳು ಹಿಡಿದಿದ್ದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟುತ್ತೇನೆ. ಹುಡುಗ ಎಳೆಯುತ್ತಾನೆ. ಅವನ ಕಡೆ 9, ಕಿಟಕಿಯ ಕಡೆಯೂ 9.

"ಕಿಟಕಿ ಹೆಂಗ್ ಎಳೀತದೆ ಸಾ? ಅದಕ್ಕೆ ಕೈಯೇ ಇಲ್ವಲ್ಲ!"

ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ. ಉತ್ತರಕ್ಕೆ ಅವರ ಪ್ಲಾಸ್ಟಿಕ್ ಸ್ಕೇಲೇ ಸಾಕು. ಎರಡು ಪುಸ್ತಕಗಳ ಮೇಲೆ ಅಡ್ಡ ಇಟ್ಟು ನಡುವೆ ಡಬ್ಬಿಯೊಂದನ್ನು ಇಟ್ಟರೆ ಸ್ಕೇಲು ಬಾಗುತ್ತದೆ, ಬಾಗಿದ್ದರಿಂದಲೇ ಡಬ್ಬಿಯನ್ನು ಮೇಲಕ್ಕೆ ಒತ್ತುತ್ತದೆ. ಕಿಟಕಿಯ ಸರಳೂ ಬಾಗುತ್ತದೆ, ನಮ್ಮ ಕಣ್ಣಿಗೆ ಕಾಣದಷ್ಟು. ಕಬ್ಬಿಣದ ಕಣಗಳು ತಮ್ಮ ಜಾಗದಿಂದ ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿದು, ಮತ್ತೆ ಅಲ್ಲಿಗೇ ಮರಳಲು ಹವಣಿಸುತ್ತವೆ. ಆ ಹವಣಿಕೆಯೇ ಕಿಟಕಿಯ ಎಳೆತ.

ನ್ಯೂಟನ್ 1687ರ ತನ್ನ 'ಪ್ರಿನ್ಸಿಪಿಯಾ'ದಲ್ಲಿ ಹೇಳಿದ ಮೂರನೆಯ ನಿಯಮ ಇದು: ಪ್ರತಿ ಕ್ರಿಯೆಗೂ ಅಷ್ಟೇ ಬಲದ, ಎದುರು ದಿಕ್ಕಿನ ಪ್ರತಿಕ್ರಿಯೆ ಇದ್ದೇ ಇರುತ್ತದೆ. ಕ್ರಿಯೆ, ಪ್ರತಿಕ್ರಿಯೆ ಎಂಬ ಜೋಡಿ ಪದಗಳ ಮೇಲೆ ನನಗೊಂದು ತಕರಾರಿದೆ. ಕೇಳಿದರೆ ಮೊದಲು ಒಬ್ಬ ಹೊಡೆದ, ಆಮೇಲೆ ಇನ್ನೊಬ್ಬ ತಿರುಗಿಸಿ ಕೊಟ್ಟ ಎಂಬಂತಿದೆ. ಇಲ್ಲಿ ಮೊದಲೂ ಇಲ್ಲ, ಆಮೇಲೂ ಇಲ್ಲ. ಅದಕ್ಕೇ ಮಕ್ಕಳಿಂದ ಚಪ್ಪಾಳೆ ಹೊಡೆಸುತ್ತೇನೆ. ಯಾವ ಕೈ ಹೊಡೆಯಿತು, ಯಾವ ಕೈ ಹೊಡೆಸಿಕೊಂಡಿತು? ಎರಡೂ ಅಂಗೈ ಕೆಂಪಾಗಿರುತ್ತವೆ.

ಹಾಗಾದರೆ ಹಗ್ಗಜಗ್ಗಾಟದಲ್ಲಿ ಒಬ್ಬರು ಗೆಲ್ಲುವುದು ಹೇಗೆ? ಕೆಸರುಗದ್ದೆ ಆಟಗಳನ್ನು ಕಂಡ ಮಕ್ಕಳು ಇದನ್ನು ಕೇಳದೆ ಬಿಡುವುದಿಲ್ಲ. ಮಳೆ ಹೊಳವಾದಾಗ ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ಯುತ್ತೇನೆ. ಗಟ್ಟಿಗ ಹುಡುಗ ಪಾಚಿ ಕಟ್ಟಿದ ಕಲ್ಲಿನ ಮೇಲೆ, ಸಣ್ಣ ಹುಡುಗಿ ಗರಿಕೆ ಬೆಳೆದ ಗಟ್ಟಿ ನೆಲದ ಮೇಲೆ. ಅವಳು ಹಿಮ್ಮಡಿ ಊರಿ ಎಳೆದರೆ ಹುಡುಗ ಜಾರಿಕೊಂಡೇ ಬರುತ್ತಾನೆ. ಹಗ್ಗ ಇಬ್ಬರನ್ನೂ ಒಂದೇ ಸಮ ಎಳೆಯುತ್ತಿದೆ. ಅವಳು ಕಾಲಲ್ಲಿ ನೆಲವನ್ನು ಮುಂದಕ್ಕೆ ಒತ್ತುತ್ತಾಳೆ, ನೆಲ ಅವಳನ್ನು ಅಷ್ಟೇ ಜೋರಾಗಿ ಹಿಂದಕ್ಕೆ ಒತ್ತುತ್ತದೆ. ಪಾಚಿಯ ಮೇಲೆ ಹುಡುಗನಿಗೆ ಆ ಒತ್ತಾಸೆ ಸಿಗುವುದಿಲ್ಲ. ಎರಡು ಬಲಗಳು ಸಮವಾಗಿದ್ದರೂ ಒಂದನ್ನೊಂದು ಅಳಿಸಿಹಾಕದಿರುವುದು ಅವು ಬೇರೆಬೇರೆ ದೇಹಗಳ ಮೇಲೆ ಬೀಳುವುದರಿಂದ. ಕರಿಹಲಗೆಯ ಮೇಲೆ ಎಷ್ಟು ಬಾಣದ ಗುರುತು ಬರೆದರೂ ತಲೆಗೆ ಹತ್ತದ ಈ ಮಾತು ಹಿಮ್ಮಡಿಗೆ ಬೇಗ ಹತ್ತುತ್ತದೆ.

ಬಲೂನಿನ ಆಟ ಎಲ್ಲರಿಗೂ ಗೊತ್ತು. ದಾರಕ್ಕೆ ಸ್ಟ್ರಾ ಪೋಣಿಸಿ, ಉಬ್ಬಿಸಿದ ಬಲೂನನ್ನು ಅದಕ್ಕೆ ಅಂಟಿಸಿ ಬಾಯಿ ಬಿಟ್ಟರೆ ಗೋಡೆಯಿಂದ ಗೋಡೆಗೆ ಓಡುತ್ತದೆ. ಒಳಗಿನ ಗಾಳಿ ಹೊರಗಿನ ಗಾಳಿಯನ್ನು ನೂಕುವುದರಿಂದ ಓಡುತ್ತದೆ ಎಂದೇ ಬಹಳ ಮಕ್ಕಳು ಹೇಳುತ್ತಾರೆ. 1920ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯೂ ಇದನ್ನೇ ನಂಬಿತ್ತು. ಒತ್ತಲು ಏನೂ ಇಲ್ಲದ ನಿರ್ವಾತದಲ್ಲಿ ರಾಕೆಟ್ ಕೆಲಸ ಮಾಡದು ಎಂದು ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಸಂಪಾದಕೀಯದಲ್ಲಿ ಹಂಗಿಸಿತು. ತಪ್ಪು ಒಪ್ಪಿಕೊಂಡದ್ದು 1969ರ ಜುಲೈ 17ಕ್ಕೆ, ಅಪೊಲೊ 11 ಚಂದ್ರನತ್ತ ಹೊರಟ ಮಾರನೆಯ ದಿನ.

ನಮ್ಮ ಮಕ್ಕಳಿಗೆ ಅಷ್ಟು ದೂರದ ಸಾಕ್ಷಿಯೂ ಬೇಕಿಲ್ಲ. ನಮ್ಮದೇ ಜಿಲ್ಲೆಯ ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ತನ್ನ ಜಾಗದಿಂದ ಸರಿಯತೊಡಗಿದರೆ ಅಲ್ಲಿಂದ ಆಜ್ಞೆ ಹೋಗುತ್ತದೆ. ಉಪಗ್ರಹದ ಪುಟ್ಟ ನಳಿಗೆ ಒಂದಿಷ್ಟು ಅನಿಲ ಉಗುಳುತ್ತದೆ, ಉಪಗ್ರಹ ಎದುರು ದಿಕ್ಕಿಗೆ ಸರಿದು ಸ್ವಸ್ಥಾನ ಸೇರುತ್ತದೆ. ಅಲ್ಲಿ ಒತ್ತಲು ಗಾಳಿಯೆಲ್ಲಿದೆ? ಅದು ಒತ್ತುವುದು ತಾನೇ ಉಗುಳಿದ ಅನಿಲವನ್ನು.

ಇದನ್ನೂ ಮೈಯಿಂದಲೇ ತಿಳಿಯಲಿ ಎಂದು ಸಿಮೆಂಟ್ ನೆಲದ ಮೇಲೆ ಪೈಪಿನ ತುಂಡುಗಳನ್ನು ಸಾಲಾಗಿ ಇಟ್ಟು ಮೇಲೊಂದು ಹಲಗೆ ಹಾಸುತ್ತೇನೆ. ಅದರ ಮೇಲೆ ಕೂತವರ ಮಡಿಲಿಗೆ 5 ಕೆ.ಜಿ. ಮರಳಿನ ಚೀಲ. ಎದುರಿನ ಗೋಣಿರಾಶಿಗೆ ಎಸೆಯಬೇಕು, ಕಾಲು ನೆಲಕ್ಕೆ ತಾಗಬಾರದು. ಈ ಸಲ ಮೊದಲು ಕೂತವಳು ಅದೇ ಸಣ್ಣ ಹುಡುಗಿ. ಚೀಲ ಮುಂದಕ್ಕೆ ಹಾರಿತು, ಹಲಗೆ ಅವಳ ಸಮೇತ ಹಿಂದಕ್ಕೆ ಉರುಳಿತು. ಯಾರೋ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅವಳು ಇಳಿದು ಆ ಗೆರೆಯ ಪಕ್ಕ ಗೇಣು ಹಾಕಿ ಅಳೆದಳು. ಆಮೇಲೆ ಚೀಲ ಬಿಚ್ಚಿ, ಇನ್ನಷ್ಟು ಮರಳು ತುಂಬಿಕೊಳ್ಳಲು ಸೋನೆಯಲ್ಲೇ ಹೊರಗೆ ಓಡಿದಳು.